ಹಡಗು ಹತ್ತಿದ ಕೆಂಡ

ಲೇನಾಯೋನ್ ತಿಂಗಳು, ಏರುಚಂದ್ರನ ಆರನೇ ದಿನ

ಹಾಲೋನ ಊರಿನವರು ಮೂರು ದಿನ ಉಂಡು ಇವತ್ತು ಹೊರಟರು. ಹೋಗುವಾಗ ನಮ್ಮ ಊರಿನ ನೆಮ್ಮದಿಯನ್ನೂ ಕಟ್ಟಿಕೊಂಡು ಹೋದರು.

ಬಂದದ್ದು ಗಡಿಕಲ್ಲಿನ ಮಾತಿಗೆ. ಆ ಮಾತು ಆಡಿದ್ದು ಕಡಿಮೆ. ಊರಿನ ಆರದ ಬೆಂಕಿ ಇರುವ ಊರೊಲೆಯ ಮನೆಯಲ್ಲಿ ನಮ್ಮ ಹಿರಿಯರ ಜೊತೆ ಊಟಕ್ಕೆ ಕೂತು ತಾವು ತಂದ ಬುಟ್ಟಿ ಬಿಚ್ಚಿದರು. ಉಪ್ಪು ಹಾಕಿ ಒಣಗಿಸಿದ ಮೀನು, ಒಂದೊಂದೂ ನನ್ನ ತೋಳಿನಷ್ಟು ಉದ್ದ. ಇನ್ನೊಂದು ಚೀಲದಲ್ಲಿ ಗೋಧಿ. "ನಮ್ಮ ಮಗಳು ಕಳಿಸಿದ್ದು," ಅಂದರು. ಮಗಳು ಅಂದರೆ ಉತ್ತರದ ಕಡಲ ದಡದಲ್ಲಿ ಅವರು ಹನ್ನೆರಡು ವರ್ಷದ ಹಿಂದೆ ಕಟ್ಟಿದ ಹೊಸ ಊರು.

"ನಿಮ್ಮ ಮಿಂಥೋಸಿಗೆ ಮಕ್ಕಳಿಲ್ಲ, ಅಲ್ವಾ?" ಅಂತ ಅವರಲ್ಲೊಬ್ಬ ಮೀನಿನ ಮುಳ್ಳು ತೆಗೆಯುತ್ತ ಕೇಳಿದ. ಇಡೀ ಊರನ್ನೇ ಬಂಜೆ ಅಂದ ಹಾಗಾಯಿತು. ನಮ್ಮವರು ನಕ್ಕರು. ಹಿರಿಯರಲ್ಲೊಬ್ಬನಾದ ತೆಲೆಸೋನ್ ಮಾತ್ರ ನಗಲಿಲ್ಲ, ಮೀನನ್ನೂ ಮುಟ್ಟಲಿಲ್ಲ. ಇನ್ನೊಬ್ಬರ ಸುಖ ಗಂಟಲಲ್ಲಿ ಇಳಿಯದವನ ಮುಖ ಹೇಗಿರುತ್ತದೆ ಅಂತ ನಾನು ಒಲೆಯ ಪಕ್ಕ ನಿಂತೇ ಕಂಡೆ. ಗಂಡಸರಿಗೆ ಇಷ್ಟು ಹೊಟ್ಟೆಕಿಚ್ಚು ಇರುತ್ತದೆ ಅಂತ ಗೊತ್ತಿರಲಿಲ್ಲ. ನನಗಂತೂ ಆ ಕಾಯಿಲೆ ಇಲ್ಲ.

ಅವರು ಹೋದ ಮೇಲೆ ಬೂದಿ ಬಳಿಯುವಾಗ ಮೆಲಿನ್ನ ಉಳಿದ ಮೀನಿನ ಚೂರು ಬಾಯಿಗೆ ಹಾಕಿಕೊಂಡು, "ಅಕ್ಕ, ರುಚಿ ಮಾತ್ರ ಸೊಗಸಾಗಿದೆ ಕಣೇ," ಅಂದಳು. ಅವಳಿಗೆ ಮಾನ ಅನ್ನುವುದು ನಾಲಿಗೆಯಿಂದ ಕೆಳಗೆ ಇಳಿಯುವುದಿಲ್ಲ.

ಅವಳು ನನ್ನ ಓರಗಿತ್ತಿ. ನಮ್ಮ ಗಂಡಂದಿರು ಅಣ್ಣತಮ್ಮಂದಿರು, ಒಂದೇ ದೋಣಿಯಲ್ಲಿ ಮುಳುಗಿದರು. ಗಂಡನಿಲ್ಲದ, ಇನ್ನು ಮದುವೆಯ ಮಾತಿಲ್ಲದ ಹೆಂಗಸರನ್ನೇ ಊರೊಲೆ ಕಾಯಲು ಇಡುವುದು. ನಾನು ಆ ವರ್ಷವೇ ಬಂದೆ, ಈಗ ಹನ್ನೊಂದು ವರ್ಷ. ಅವಳು ಏಳು ವರ್ಷ ಇನ್ನೊಂದು ಮದುವೆಗೆ ಕಾದು, ಯಾರೂ ಸಿಕ್ಕದೆ ಬಂದಳು. ಸಿಕ್ಕದೆ ಅಂತ ನಾನು ಬರೆಯುತ್ತೇನೆ, ಒಲ್ಲದೆ ಅಂತ ಅವಳು ಹೇಳುತ್ತಾಳೆ. ಅಪ್ಪ ದೇವಸ್ಥಾನದ ಲಿಪಿಕಾರನಾಗಿದ್ದ, ಗಂಡುಮಗನಿಲ್ಲದ್ದಕ್ಕೆ ನನಗೆ ಅಕ್ಷರ ಕಲಿಸಿದ. ಮೆಲಿನ್ನಳಿಗೆ ಓದು ಬಾರದು. ಹಾಗಾಗಿ ಒಂದೇ ಕೋಣೆಯಲ್ಲಿ, ಅವಳ ಎದುರೇ, ಈ ಚರ್ಮದ ಚೂರುಗಳ ಮೇಲೆ ಏನು ಬೇಕಾದರೂ ಬರೆಯಬಹುದು.

ಲೇನಾಯೋನ್ ತಿಂಗಳು, ಇಳಿಚಂದ್ರನ ನಾಲ್ಕನೇ ದಿನ

ಸಭೆಯಲ್ಲಿ ತೆಲೆಸೋನ್ ಎದ್ದುನಿಂತು ನಾವೂ ಒಂದು ಊರು ಕಟ್ಟಬೇಕು ಅಂದ. ಕಾರಣ ಹೇಳಿದ. ಹೊಲ ಸಾಲುವುದಿಲ್ಲ. ಒಂದೊಂದು ಮನೆಯಲ್ಲಿ ನಾಲ್ಕು ಗಂಡುಮಕ್ಕಳು. ಉತ್ತರದಲ್ಲಿ ಕಬ್ಬಿಣವಿದೆ, ಮೀನಿದೆ, ಮಣ್ಣು ಕಪ್ಪಗಿದೆ. ಎಲ್ಲ ನಿಜವೇ. ಆದರೆ ಇದೆಲ್ಲ ಹೋದ ವರ್ಷವೂ ನಿಜವಾಗಿತ್ತು.

ಹಿರಿಯ ಪಾಸಿಕ್ಲೆಸ್ ಮಾತ್ರ ಬೇಡ ಅಂದ. ಊರು ಕಟ್ಟಿದವನು ಸತ್ತ ಮೇಲೆ ಅವನ ಗೋರಿ ಸಂತೆಯ ನಡುವೆ ಇರುತ್ತದೆ, ವರ್ಷವರ್ಷ ಕುರಿ ಕಡಿದು ಪೂಜೆ ಮಾಡುತ್ತಾರೆ. ಆ ಕುರಿ ತೆಲೆಸೋನನಿಗೆ ಹೋಗುತ್ತದಲ್ಲ ಅನ್ನುವುದೇ ಪಾಸಿಕ್ಲೆಸನ ಸಂಕಟ ಅಂತ ನನಗೆ ಅನ್ನಿಸಿತು. ಬೇರೆಯವರ ಮನಸ್ಸು ಇಷ್ಟು ಬೇಗ ತಿಳಿಯುವುದು ಒಳ್ಳೆಯ ಗುಣವೋ ಏನೋ.

ಕೊನೆಗೆ ದೇವರನ್ನು ಕೇಳಿಬರಲಿ ಅಂತಾಯಿತು. ತೆಲೆಸೋನ್ ದೇವವಾಣಿ ನುಡಿಯುವ ದಿದುಮದ ಗುಡಿಗೆ ಹೋಗಿ ಕೇಳಿಬಂದ. ಹೋಗಲೋ ಬೇಡವೋ ಅಂತ ಕೇಳಲಿಲ್ಲ. ಪಡುವಣಕ್ಕೋ ಬಡಗಣಕ್ಕೋ ಅಂತ ಕೇಳಿದ. ದೇವರು ಬಡಗಣ ಅಂದ. ಈಗ ಊರೆಲ್ಲ ದೇವರೇ ಹೋಗಿ ಅಂದಿದ್ದಾನೆ ಅನ್ನುತ್ತಿದೆ.

ಅಂಥೆಸ್ತೇರಿಯೋನ್ ತಿಂಗಳು, ಏರುಚಂದ್ರನ ಒಂಬತ್ತನೇ ದಿನ

ಹೊರಡುವವರು ಊರೊಲೆಯ ಮುಂದೆ ಬಂದು, ಬೆಂಕಿಯ ಮೇಲೆ ಕೈ ಚಾಚಿ ಹೆಸರು ಕೊಡಬೇಕು. ಲಿಪಿಕಾರ ಅವರ ಹೆಸರು, ತಂದೆಯ ಹೆಸರು ಬರೆದುಕೊಳ್ಳುತ್ತಾನೆ. ಯಾಕೆ ಹೋಗುತ್ತೀಯ ಅಂತ ಅವನು ಕೇಳುವುದಿಲ್ಲ. ಅದನ್ನು ಮೆಲಿನ್ನ ಕೇಳುತ್ತಾಳೆ.

"ಯಾಕಪ್ಪ ಹೋಗ್ತೀಯ?"

"ಐದು ಜನ ಅಣ್ಣತಮ್ಮಂದಿರು ಅಕ್ಕ. ನನ್ನ ಪಾಲಿನ ಹೊಲದಲ್ಲಿ ಮಲಗಿದ್ರೆ ಕಾಲು ಅಣ್ಣನ ಪಾಲಿಗೆ ಹೋಗುತ್ತೆ."

"ಮಡಚಿಕೊಂಡು ಮಲಗಬಾರದಾ?"

ಒಬ್ಬ ಕುಂಬಾರ, ನಲವತ್ತರ ಮೇಲಾಗಿದೆ. "ನಾನು ಎಂಥ ಗಡಿಗೆ ಮಾಡಿದ್ರೂ ಇದು ನಿಮ್ಮಪ್ಪನ ಕೈಗೆಲಸದ ಹಾಗೆ ಇಲ್ಲ ಅಂತಾರೆ. ನಮ್ಮಪ್ಪನ ಗಡಿಗೆ ನೋಡದ ಜನ ಬೇಕು ನಂಗೆ." ಇನ್ನೊಬ್ಬ, "ಮನೇಲಿ ಅತ್ತೆ ಇದಾಳೆ," ಅಂದ. "ಅವಳನ್ನೂ ಕರ್ಕೊಂಡು ಹೋಗು," ಅಂದಳು ಮೆಲಿನ್ನ. "ಅವಳಿಗೆ ಹಡಗು ಕಂಡ್ರೆ ವಾಂತಿ. ಅದಕ್ಕೇ ಹೋಗ್ತಿರೋದು!" ಸಾಲಿಗೆ ಸಾಲೇ ನಕ್ಕಿತು. ತಂದೆಯ ಹೆಸರು ಕೇಳಿದಾಗ ತಲೆ ತಗ್ಗಿಸಿದವನೊಬ್ಬನಿದ್ದ. ಅವನನ್ನು ಮೆಲಿನ್ನ ಏನೂ ಕೇಳಲಿಲ್ಲ. ಅವನಾಗಿಯೇ ಮೆಲ್ಲಗೆ, "ಅಲ್ಲಿ ಎಲ್ಲರೂ ಹೊಸಬರೇ ಅಲ್ವಾ ಅಕ್ಕ," ಅಂದ.

ಬೆಳಗಿನಿಂದ ನಲವತ್ತೇಳು ಜನ. ಹೊಲ, ಕಬ್ಬಿಣ, ದೇವರು ಅಂತ ಹೇಳಿದವರು ಹತ್ತೋ ಹನ್ನೆರಡೋ. ಉಳಿದವರಿಗೆ ಒಬ್ಬೊಬ್ಬರಿಗೂ ತಾನು ಯಾರ ಪಕ್ಕದಲ್ಲಿ ನಿಂತರೆ ಚಿಕ್ಕವನಾಗಿ ಕಾಣುತ್ತಾನೋ ಆ ಮನುಷ್ಯನೇ ಕಾರಣ.

ಅವಳ ಹತ್ತಿರ ಎಲ್ಲರೂ ಹೇಳುತ್ತಾರೆ. ನನ್ನ ಹತ್ತಿರ ಬಂದವರು, ಈ ಕಟ್ಟಿಗೆ ಎಲ್ಲಿಡಲಿ ಅಮ್ಮ ಅಂತ ಕೇಳಿದರು. ಆ ಕುಂಬಾರ ನನಗಿಂತ ದೊಡ್ಡವನು. ಅವಳು ಅಕ್ಕ, ನಾನು ಅಮ್ಮ.

ಅಂಥೆಸ್ತೇರಿಯೋನ್ ತಿಂಗಳು, ಇಳಿಚಂದ್ರನ ಏಳನೇ ದಿನ

ಹೊಸ ಊರಿನ ಒಲೆಯನ್ನು ಈ ಒಲೆಯ ಬೆಂಕಿಯಿಂದಲೇ ಹೊತ್ತಿಸಬೇಕು. ಇಲ್ಲದಿದ್ದರೆ ಅದು ನಮ್ಮ ಮಗಳಲ್ಲ, ಯಾರೋ ಅಲೆಮಾರಿಗಳ ಬಿಡಾರ. ಬೆಂಕಿಯ ಜೊತೆ ಕಾಯುವವಳೂ ಹೋಗಬೇಕು. ನಮ್ಮಿಬ್ಬರಲ್ಲಿ ಒಬ್ಬಳು. ಆರಿಸುವವನು ತೆಲೆಸೋನ್.

ನನಗೆ ಆಸೆಯೇನೂ ಇಲ್ಲ. ಈ ವಯಸ್ಸಿಗೆ ಕಡಲ ಉಪ್ಪುಗಾಳಿ, ಗುರುತಿಲ್ಲದ ದಡ. ಕೇಳಿದರೆ ಇಲ್ಲ ಅನ್ನುವುದಕ್ಕೆ ಆಗುವುದಿಲ್ಲ, ಅಷ್ಟೆ. ಹನ್ನೊಂದು ವರ್ಷದಲ್ಲಿ ಒಂದು ದಿನವೂ ನನ್ನ ಪಾಳಿಯಲ್ಲಿ ಬೆಂಕಿ ಮಂಕಾಗಿಲ್ಲ ಅನ್ನುವುದು ಎಲ್ಲರಿಗೂ ಗೊತ್ತು.

ಹಾಗೇ ಸುಮ್ಮನೆ, ಹಿತ್ತಿಲಲ್ಲಿ ಒಂದು ಕಾಡುಸೋಂಪಿನ ದಂಟಿಗೆ ಕೆಂಡ ಇಟ್ಟು ನೋಡಿದೆ. ಚೆನ್ನಾಗಿ ಒಣಗಿದ್ದರೆ ಒಳಗಿನ ಬೆಂಡು ಮೆಲ್ಲಗೆ ಕೆಂಪಗೆ ಸುಡುತ್ತ ಹೋಗುತ್ತದೆ, ಮೇಲಿನ ಸಿಪ್ಪೆಗೆ ಏನೂ ಆಗುವುದಿಲ್ಲ. ಮೊಳದುದ್ದದ್ದು ಬೆಳಗಿನಿಂದ ಸಂಜೆಯವರೆಗೆ ಬಂತು. ಹಡಗಿನಲ್ಲಿ ಬೆಂಕಿ ಒಯ್ಯುವುದು ಹೀಗೇ, ಒಂದು ಮುಗಿಯುವ ಮುಂಚೆ ಇನ್ನೊಂದಕ್ಕೆ ದಾಟಿಸುತ್ತ. ತಿಂಗಳ ದಾರಿಗೆ ಎಷ್ಟು ದಂಟು ಬೇಕು ಅಂತ ಲೆಕ್ಕ ಹಾಕಿದೆ. ಉಣ್ಣೆಯ ಹೊದಿಕೆಯನ್ನು ಬಿಸಿಲಿಗೆ ಹಾಕಿದೆ. ಹೇಗೂ ಹಾಕಬೇಕಿತ್ತು.

ಆರ್ತೆಮಿಸಿಯೋನ್ ತಿಂಗಳು, ಏರುಚಂದ್ರನ ಆರನೇ ದಿನ

ಮೆಲಿನ್ನ.

ಆರ್ತೆಮಿಸಿಯೋನ್ ತಿಂಗಳು, ಏರುಚಂದ್ರನ ಎಂಟನೇ ದಿನ

ಎರಡು ದಿನ ಬರೆಯಲಿಲ್ಲ. ಈಗ ನ್ಯಾಯವಾಗಿ ಬರೆಯುತ್ತೇನೆ.

ಮೆಲಿನ್ನಳಿಗೆ ಕಟ್ಟಿಗೆ ಆರಿಸಲು ಬಾರದು, ಅಂಜೂರದ ಹಸಿ ಕೊಂಬೆ ತಂದು ಮನೆ ತುಂಬ ಹೊಗೆ ಮಾಡುತ್ತಾಳೆ. ಒಲೆಯ ಮುಂದೆ ಹಾಡುತ್ತಾಳೆ, ದೇವರ ಹಾಡಲ್ಲ. ಬೆಂಕಿ ಕೇಳಲು ಬಂದ ಮುದುಕಿಯರ ಜೊತೆ ಹರಟೆಗೆ ಕೂತರೆ ಏಳುವುದಿಲ್ಲ. ಹೋದ ಚಳಿಗಾಲದಲ್ಲಿ ಅವಳ ಪಾಳಿ ಮುಗಿದು ನಾನು ಬಂದಾಗ ಬೂದಿಯ ಕೆಳಗೆ ಉಳಿದದ್ದು ಕಡಲೆಗಾತ್ರದ ಎರಡು ಕೆಂಡ. "ಎರಡು ಇದೆಯಲ್ಲ ಅಕ್ಕ, ಒಂದು ಸಾಕು," ಅಂದಿದ್ದಳು. ಅವಳ ಗಂಡ ಬದುಕಿದ್ದಾಗಲೂ ಹಾಗೇ. ಅತ್ತೆ ನನ್ನ ರೊಟ್ಟಿ ತಿಂದು ಅವಳ ರೊಟ್ಟಿ ಹೊಗಳುತ್ತಿದ್ದರು.

ನ್ಯಾಯವಾಗಿ ಅಂತ ಶುರು ಮಾಡಿದ್ದೆ.

ಇವತ್ತು ಅವಳಾಗಿಯೇ ಬಂದು ಎದುರು ಕೂತಳು. "ಅಕ್ಕ, ಮುಖ ಊದಿಸಿಕೊಂಡಿದ್ದು ಸಾಕು. ನಾನೇನು ಕೇಳಿಕೊಂಡು ಹೋದೆನಾ?"

"ಬೇಡ ಅನ್ನಬಹುದಿತ್ತು."

"ಯಾಕೆ ಬೇಡ ಅನ್ನಲಿ? ನಂಗೆ ಹೋಗೋಕೆ ಇಷ್ಟ." ಹಾಗೇ ಅಂದಳು, ಅಂಗಡಿಯಲ್ಲಿ ಅಂಜೂರ ಆರಿಸಿದ ಹಾಗೆ. "ನಿಂಗೆ ಇಷ್ಟ ಇದ್ರೆ ನೀನೂ ಹೇಳಬೇಕಿತ್ತು. ನೀನು ಹೇಳೇ ಇಲ್ಲ. ಹೊದಿಕೆ ಮಾತ್ರ ಬಿಸಿಲಿಗೆ ಹಾಕಿದೆ."

ನೋಡಿದ್ದಾಳೆ. ಬೆಂಕಿಯೊಂದನ್ನು ಬಿಟ್ಟು ಎಲ್ಲವನ್ನೂ ನೋಡುತ್ತಾಳೆ.

ಆರ್ತೆಮಿಸಿಯೋನ್ ತಿಂಗಳು, ಏರುಚಂದ್ರನ ಹತ್ತನೇ ದಿನ

ಹಡಗುಕಟ್ಟೆಗೆ ಹೋಗಿ ತೆಲೆಸೋನನನ್ನೇ ಕೇಳಿದೆ. ಹಲಗೆಯ ಸಂದಿಗೆ ರಾಳ ಮೆತ್ತಿಸುತ್ತಿದ್ದ. ನಾನು ಹೋಗಬಾರದಿತ್ತು. ಹೋದೆ.

"ನನ್ನದು ಏನು ತಪ್ಪಾಯಿತು ಹೇಳಿ."

"ತಪ್ಪಾ? ನೀವು ತಪ್ಪೇ ಮಾಡಲ್ಲ ನಿಕೆಸಕ್ಕ." ಕೈ ಒರೆಸಿಕೊಂಡು ಹತ್ತಿರ ಬಂದ. "ಒಂದು ಮಾತು ಕೇಳ್ತೀನಿ. ಅರ್ಧ ದಾರೀಲಿ ಬೆಂಕಿ ಆರಿಹೋಯ್ತು ಅನ್ನಿ. ಏನ್ಮಾಡ್ತೀರಿ?"

"ಆರೋಕೆ ಬಿಡಲ್ಲ."

"ಆರಿತು ಅನ್ನಿ."

"ನಿಮಗೆ ಬಂದು ಹೇಳ್ತೀನಿ."

"ಅಷ್ಟೇ ನೋಡಿ. ನೀವು ಹೇಳಿದ ಮೇಲೆ ನಾನು ಕೇಳಿಸಿಕೊಳ್ಳಲಿಲ್ಲ ಅನ್ನೋಕಾಗಲ್ಲ. ಹಡಗು ತಿರುಗಿಸಬೇಕು. ನೂರಿಪ್ಪತ್ತು ಜನ ಹೊಲ ಬಿಟ್ಟುಕೊಟ್ಟು ಬಂದಿರ್ತಾರೆ, ಅವರು ಯಾರ ಮನೆಗೆ ಹೋಗಬೇಕು? ಮೆಲಿನ್ನ ಬಂದು ಹೇಳಲ್ಲ."

"ಸುಳ್ಳು ಹೇಳ್ತಾಳೆ ಅಂತಲೇ ಅವಳನ್ನು ಆರಿಸಿದಿರಾ?"

"ಸುಳ್ಳು ಅಂತ ಯಾಕಂತೀರಿ? ಅವಳು ಹೋಗಿ ಎಲ್ಲಿಂದಾದ್ರೂ ಬೆಂಕಿ ಹುಡುಕ್ತಾಳೆ."

ವಾಪಸು ಬರುವಾಗ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಅವನಿಗೆ ಉತ್ತರ ಕೊಟ್ಟೆ. ಒಂದಕ್ಕಿಂತ ಒಂದು ಒಳ್ಳೆಯ ಉತ್ತರ. ನನ್ನ ಒಳ್ಳೆಯತನವನ್ನೇ ನನ್ನ ಮೇಲೆ ದೂರಾಗಿ ಹೊರಿಸಿದರೆ ಯಾವ ಸಭೆಗೆ ಹೋಗಿ ಕೇಳಲಿ? ಅವಳ ಅಡ್ಡಾದಿಡ್ಡಿತನ ಅವಳಿಗೆ ಒಂದು ಊರು ಗಳಿಸಿಕೊಟ್ಟಿತು.

ಆರ್ತೆಮಿಸಿಯೋನ್ ತಿಂಗಳು, ಇಳಿಚಂದ್ರನ ಮೂರನೇ ದಿನ

ದಂಟುಗಳನ್ನು ಕಟ್ಟುವ ಕೆಲಸ ನನಗೇ ಬಂತು. ಆರಿಸಲು ಬರುವುದು ನನಗೊಬ್ಬಳಿಗೇ ಅಂತ ತೆಲೆಸೋನನೇ ಹೇಳಿದನಂತೆ. ಇದಕ್ಕೆ ಮಾತ್ರ ನಾನು ಬೇಕು.

ಆರು ಕಟ್ಟು ಮಾಡಿದೆ. ಅಟ್ಟದ ಮೇಲೆ ಎರಡು ವರ್ಷ ಒಣಗಿದ್ದವು ಐದು ಕಟ್ಟಿಗೆ ಆದವು. ಆರನೆಯದಕ್ಕೆ ಗೋಡೆಯ ಮೂಲೆಯಲ್ಲಿ ಒರಗಿಸಿದ್ದವನ್ನು ತೆಗೆದುಕೊಂಡೆ, ಹೋದ ಬೇಸಗೆಯವು. ಎತ್ತಿದಾಗ ಭಾರವಾಗಿತ್ತು. ಭಾರವಿದ್ದರೆ ಒಳಗೆ ಇನ್ನೂ ಪಸೆ ಇದೆ ಅಂತ ಅರ್ಥ. ಕೈಗೆ ಗೊತ್ತಾಯಿತು. ಬಿಸಿಲಿಗೆ ಹಾಕಿದರೆ ಹೊರಡುವಷ್ಟರಲ್ಲಿ ಒಣಗುತ್ತವೆ ಅಂದುಕೊಂಡು, ಕಟ್ಟಿ, ಎಲ್ಲಕ್ಕಿಂತ ಕೆಳಗೆ ಇಟ್ಟೆ. ಮೇಲೆ ಐದು ಕಟ್ಟು ಪೇರಿಸಿದೆ.

ಬಿಸಿಲಿಗೆ ಹಾಕಬೇಕು.

ತೌರೆಯೋನ್ ತಿಂಗಳು, ಏರುಚಂದ್ರನ ಐದನೇ ದಿನ

ಹೊರಟರು.

ಊರೊಲೆಯಿಂದ ದಂಟಿಗೆ ಬೆಂಕಿ ದಾಟಿಸಿ ಮೆಲಿನ್ನಳ ಕೈಗೆ ಕೊಟ್ಟವಳು ನಾನೇ. ಊರೆಲ್ಲ ನೋಡುತ್ತಿತ್ತು. ನೋಡುತ್ತಿದ್ದದ್ದು ಅವಳನ್ನು. ಬಿಳಿ ಬಟ್ಟೆ ಉಟ್ಟಿದ್ದಳು, ಅವಳ ಅಳತೆಗೆ ಹೊಲಿಸಿದ್ದು. ಹತ್ತು ವರ್ಷ ಯಾರೂ ಹಿಂದಿರುಗಬಾರದು, ಬಂದರೆ ದಡದಿಂದಲೇ ಕವಣೆ ಬೀಸಿ ಅಟ್ಟಬೇಕು ಅಂತ ಹೋಗುವವರೂ ಉಳಿಯುವವರೂ ಆಣೆ ಇಟ್ಟರು. ಹಡಗು ನಡೆಸುವವರಿಗೆ ಮಾತ್ರ ಈ ಆಣೆ ಇಲ್ಲ. ಮೆಲಿನ್ನ ಜೋರಾಗಿ ಹೇಳಿದಳು, ನಡುವೆ ಸೀನಿದಳು.

ಹಲಗೆ ಹತ್ತುವ ಮುಂಚೆ ನನ್ನ ಕಿವಿಯಲ್ಲಿ, "ಅಕ್ಕ, ಏನಾದ್ರೂ ಬೈಯೇ. ನೀನು ಬೈದ್ರೆ ನಂಗೆ ಧೈರ್ಯ ಬರುತ್ತೆ," ಅಂದಳು. ಅವಳ ಕೈ ತಣ್ಣಗಿತ್ತು. ನನಗೆ ಒಂದು ಬೈಗುಳವೂ ಹೊಳೆಯಲಿಲ್ಲ. ಮೂವತ್ತು ದಿನದಿಂದ ಕಟ್ಟಿಟ್ಟಿದ್ದವೆಲ್ಲ ಎಲ್ಲಿ ಹೋದವೋ.

ಆರನೇ ಕಟ್ಟನ್ನು ಬಿಸಿಲಿಗೆ ಹಾಕಲಿಲ್ಲ. ಮರೆತೆ ಅಂತ ಬರೆಯಲೇ? ಈ ಚರ್ಮವನ್ನು ನಾನಲ್ಲದೆ ಯಾರೂ ಓದುವುದಿಲ್ಲ. ಮರೆತಿರಲಿಲ್ಲ.

ಪಾನೆಮೋಸ್ ತಿಂಗಳು, ಏರುಚಂದ್ರನ ಎರಡನೇ ದಿನ

ಮೆಲಿನ್ನ ಇಲ್ಲದೆ ಇರುವುದು ಎಷ್ಟೋ ವಾಸಿ. ಕಟ್ಟಿಗೆ ಅಚ್ಚುಕಟ್ಟಾಗಿದೆ, ಹೊಗೆಯಿಲ್ಲ, ಹಾಡಿಲ್ಲ. ನನ್ನ ಜೊತೆಗೆ ಹಾಕಿದ ಹೊಸ ಹೆಂಗಸು ಹೇಳಿದ್ದಷ್ಟನ್ನು ಮಾಡುತ್ತಾಳೆ. ಬೆಂಕಿ ಕೇಳಲು ಬರುವ ಮುದುಕಿಯರು ಕೂರುವುದಿಲ್ಲ, ತೆಗೆದುಕೊಂಡು ಹೋಗುತ್ತಾರೆ.

ಉತ್ತರದಿಂದ ಬಂದ ಎಣ್ಣೆ ಹಡಗಿನವನನ್ನು ಕೇಳಿದೆ. ನಮ್ಮ ಹಡಗು ನೋಡಿಲ್ಲವಂತೆ. ಜಲಸಂಧಿಯಲ್ಲಿ ಮಳೆ ಹಿಡಿದಿತ್ತಂತೆ. ಎಷ್ಟು ದಿನ ಅಂತ ಕೇಳಿದೆ. ಅವನು ನನ್ನನ್ನು ನೋಡಿ, "ಯಾರಮ್ಮ ಇದ್ದಾರೆ ಅದರಲ್ಲಿ?" ಅಂದ. ಯಾರೂ ಇಲ್ಲ ಅಂದೆ.

ಬೊಎದ್ರೋಮಿಯೋನ್ ತಿಂಗಳು, ಇಳಿಚಂದ್ರನ ಐದನೇ ದಿನ

ಬಿತೋನ್ ಬಂದ. ನಮ್ಮ ಹಡಗಿನ ಚುಕ್ಕಾಣಿಯವನು. ಇಡೀ ಊರು ದಡಕ್ಕೆ ಓಡಿತು. ನಾನು ಒಲೆ ಬಿಟ್ಟು ಹೋಗುವ ಹಾಗಿಲ್ಲ. ಗೆದ್ದ ಸುದ್ದಿ ಬಾಗಿಲಿಗೇ ಕೇಳಿಸಿತು. ನದಿಯ ಬಾಯಲ್ಲಿ ಊರು ನಿಂತಿದೆ. ಒಬ್ಬೊಬ್ಬನಿಗೂ ಇಲ್ಲಿನ ಎಂಟರಷ್ಟು ಹೊಲ. ತಾಯಿಯ ಬೆಂಕಿ ಅಲ್ಲಿನ ಒಲೆಯಲ್ಲಿ ಉರಿಯುತ್ತಿದೆ. ಮೆಲಿನ್ನಳನ್ನು ಅಲ್ಲಿ ಎಲ್ಲರೂ ಅಮ್ಮ ಅನ್ನುತ್ತಾರಂತೆ.

ಅಮ್ಮ. ಅವಳನ್ನು.

ಮಧ್ಯಾಹ್ನ ಬಿತೋನ್ ಕಾಣಿಕೆ ಇಡುವ ನೆಪದಲ್ಲಿ ಒಳಗೆ ಬಂದ. ಹೊಸ ಹೆಂಗಸು ನೀರಿಗೆ ಹೋಗಿದ್ದಳು.

"ಅಕ್ಕೋರೆ, ನಿಮಗೊಬ್ಬರಿಗೇ ಒಂದು ಮಾತು ಹೇಳು ಅಂದಿದಾಳೆ. ಜಲಸಂಧೀಲಿ ನಾಲ್ಕು ದಿನ ಮಳೆ. ದಡ ಹತ್ತಿ ಕೂತ್ವಿ. ಕೊನೇ ಕಟ್ಟು ಬಿಚ್ಚಿದ್ರೆ ಒಂದು ದಂಟೂ ಹಿಡೀಲಿಲ್ಲ. ಬೆಂಕಿ ಸತ್ತೋಯ್ತು."

ನಾನು ಒಲೆಗೆ ಒಂದು ಕಟ್ಟಿಗೆ ಇಟ್ಟೆ.

"ಉಳಿದೋರು ಹಡಗಿನ ಕೆಳಗೆ ಮಲಗಿದ್ರು. ಎಚ್ಚರ ಇದ್ದೋನು ನಾನೊಬ್ಬನೇ. ಕಟ್ಟಿಗೆ ಉಜ್ಜಿ ನೋಡಿದಳು, ಎಲ್ಲ ನೆನೆದಿತ್ತು. ಆಮೇಲೆ ಗಡಿಗೆ ಎತ್ತಿಕೊಂಡು ಗುಡ್ಡ ಹತ್ತಿದಳು. ನಾನೂ ಹಿಂದೆ ಹೋದೆ. ಅಲ್ಲಿನೋರ ಗುಡಿಸಲು. ಕೈ ತುಂಬ ಹಚ್ಚೆ ಹಾಕಿದ ಹೆಂಗಸೊಬ್ಬಳು ಕೋಲು ಹಿಡಕೊಂಡು ಬಾಗಿಲಿಗೆ ಬಂದಳು. ನಮಗೆ ಅವಳ ಮಾತು ಬರಲ್ಲ, ಅವಳಿಗೆ ನಮ್ಮದು ಬರಲ್ಲ. ಇವಳು ಖಾಲಿ ಗಡಿಗೆ ತೋರಿಸಿ ಸುಮ್ಮನೆ ನಿಂತಳು. ಅಳ್ತಾ ಇದ್ದಳು ಅನ್ಸುತ್ತೆ, ಮಳೇಲಿ ಗೊತ್ತಾಗ್ಲಿಲ್ಲ. ಆ ಹೆಂಗಸು ಕೋಲು ಇಟ್ಟು, ಒಳಗೆ ಹೋಗಿ ಕೆಂಡ ತಂದು ಹಾಕಿದಳು."

"ಇದನ್ನೆಲ್ಲ ನಂಗೆ ಯಾಕೆ ಹೇಳಿ ಕಳಿಸಿದಳು?"

"ಅಕ್ಕನಿಂದ ಮುಚ್ಚಿಟ್ಟರೆ ಉಂಡಿದ್ದು ಮೈಗೆ ಹತ್ತಲ್ಲ ಅಂದಳು. ಇನ್ನೊಂದೂ ಹೇಳು ಅಂದಳು. ದಂಟು ಚೆನ್ನಾಗೇ ಇದ್ದವಂತೆ, ತಾನೇ ಮಳೇಲಿ ನೆನೆಸಿದಳಂತೆ." ಬಿತೋನ್ ತಲೆ ಕೆರೆದುಕೊಂಡ. "ಅದು ಮಾತ್ರ ನಂಗೆ ತಿಳೀಲಿಲ್ಲ ಅಕ್ಕೋರೆ. ಕಟ್ಟಿನ ಮೇಲೆ ಎಣ್ಣೆಚರ್ಮ ಹೊದಿಸಿತ್ತು. ಬಿಚ್ಚುವಾಗ ಚರ್ಮದ ಒಳಮೈ ಒಣಗಿತ್ತು."

ನನ್ನ ಹಸಿ ದಂಟಿನ ತಪ್ಪನ್ನೂ ತೆಗೆದುಕೊಂಡುಬಿಟ್ಟಿದ್ದಾಳೆ. ಅದರಲ್ಲೂ ಅವಳೇ ಮುಂದೆ. ನಾನಾಗಿದ್ದರೆ ಸತ್ತ ಬೆಂಕಿಯ ಪಕ್ಕ ಕೂತು, ತಪ್ಪು ಯಾರದು ಅಂತ ಬೆಳಗಿನವರೆಗೂ ಯೋಚಿಸುತ್ತಿದ್ದೆ. ಆ ಗುಡ್ಡ ಹತ್ತುತ್ತಿರಲಿಲ್ಲ. ಹತ್ತುತ್ತಿದ್ದೆನೆ? ಇಲ್ಲ.

ಪ್ಯಾನೊಪ್ಸಿಯೋನ್ ತಿಂಗಳು, ಏರುಚಂದ್ರನ ಎರಡನೇ ದಿನ

ಯಾರೋ ಹುಟ್ಟು ಹಾಕುವವನು ಕುಡಿದು ಏನೋ ಅಂದಿದ್ದಾನೆ. ಕೊನೇ ಕಟ್ಟು ಹೊತ್ತಲಿಲ್ಲವಂತೆ, ಆದರೂ ಬೆಳಿಗ್ಗೆ ಗಡಿಗೆಯಲ್ಲಿ ಕೆಂಡ ಇತ್ತಂತೆ. ಅಷ್ಟು ಸಾಕಾಯಿತು ಪಾಸಿಕ್ಲೆಸನಿಗೆ. ಬಿತೋನನನ್ನು ಕರೆಸಿ ಕೇಳಿದರೆ, "ನಾನು ಗಾಳಿ ನೋಡೋನು, ಗಡಿಗೆ ನೋಡೋನಲ್ಲ," ಅಂದನಂತೆ.

ಇವತ್ತು ಪಾಸಿಕ್ಲೆಸ್ ಇಲ್ಲಿಗೇ ಬಂದ. ಬೆಂಚಿನ ಮೇಲೆ ಕೂತು ಬೆಂಕಿಗೆ ಕೈ ಕಾಯಿಸಿಕೊಂಡ.

"ನಿಕೆಸೋ, ಊರಲ್ಲಿ ನಿನ್ನ ಮಾತಿಗೆ ಎರಡು ಮಾತಿಲ್ಲ. ಬಿತೋನ್ ನಿನ್ನ ಹತ್ರ ಬಹಳ ಹೊತ್ತು ಕೂತಿದ್ದ ಅಂತ ಕೇಳಿದೆ."

"ಕಾಣಿಕೆ ಇಡೋಕೆ ಬಂದಿದ್ದ."

"ಇರಲಿ. ನಾಡಿದ್ದು ಸಭೆ ಇಲ್ಲೇ ಸೇರುತ್ತೆ. ಅಲ್ಲಿರೋ ಬೆಂಕಿ ಇಲ್ಲಿಂದ ಹೋದದ್ದೇ ಅಂತ ನೀನು ಒಲೆಯ ಮೇಲೆ ಪ್ರಮಾಣ ಮಾಡಬೇಕು. ಮಾಡಿದ್ರೆ ವಸಂತಕ್ಕೆ ಎರಡನೇ ಹಡಗು ಹೊರಡುತ್ತೆ, ಹೆಂಡತಿಯರು, ಬಿತ್ತನೆ ಕಾಳು, ಎಲ್ಲ. ಅಲ್ಲ ಅಂದ್ರೆ ಅದು ನಮ್ಮ ಊರೇ ಅಲ್ಲ. ಎಲ್ಲ ಮೊದಲಿಂದ ಆಗಬೇಕು. ಹೊಸ ಮುಖಂಡ, ನಮ್ಮ ಅಳಿಯ ಇದಾನಲ್ಲ. ಹೊಸ ಬೆಂಕಿ." ಅಂಗೈ ತಿರುಗಿಸಿ ಕಾಯಿಸಿಕೊಂಡ. "ಹೊಸ ಬೆಂಕಿ ಒಯ್ಯೋಳು ನೀನೇ. ಮೊದಲೇ ನಿನ್ನ ಕಳಿಸಬೇಕಿತ್ತು ಅಂತ ಊರೆಲ್ಲ ಅನ್ನುತ್ತೆ."

"ಮೆಲಿನ್ನ?"

"ಒಲೆಗೆ ಮೋಸ ಮಾಡಿದೋಳನ್ನ ಒಲೆಯ ಹತ್ರ ಇಟ್ಕೊಳ್ತಾರಾ? ಊರ ಹೊರಗೆ ಹಾಕ್ತಾರೆ. ಇಲ್ಲಿಗೂ ಬರೋ ಹಾಗಿಲ್ಲ, ಆಣೆ ಇದೆ. ಅವಳು ಹೇಗೋ ಬದುಕೋಳು ಬಿಡು."

ಊರೆಲ್ಲ ಅನ್ನುತ್ತದಂತೆ. ಈ ಮಾತನ್ನು ಕೇಳಲು ಇಡೀ ವರ್ಷ ಕಾದಿದ್ದೆ. ಕೇಳಿದ್ದು ಅವನ ಬಾಯಲ್ಲಿ.

ನಿಜ ಹೇಳಿದರೆ ಸಾಕು. ಅವಳ ಊರು ನನ್ನದಾಗುತ್ತದೆ, ಅವಳ ಒಲೆ, ಅವಳನ್ನು ಅಮ್ಮ ಅನ್ನುವವರು. ಕದಿಯಬೇಕಾಗಿಲ್ಲ, ಸುಳ್ಳು ಹೇಳಬೇಕಾಗಿಲ್ಲ. ಹನ್ನೊಂದು ವರ್ಷ ಮಾಡಿದ್ದನ್ನೇ ಮಾಡಿದರಾಯಿತು. ಇಂಥ ಹೊತ್ತಿನಲ್ಲಿ ನಿಜ ಎಷ್ಟು ಸಲೀಸಾಗಿ ಕೈಗೆ ಬರುತ್ತದೆ ಅಂತ ಹೆದರಿಕೆಯಾಗುತ್ತದೆ.

ಪ್ಯಾನೊಪ್ಸಿಯೋನ್ ತಿಂಗಳು, ಏರುಚಂದ್ರನ ಮೂರನೇ ದಿನ

ಒಲೆಯ ಸುತ್ತಲ ಕಲ್ಲು ಉಜ್ಜಿ ತೊಳೆದೆ. ಎರಡು ಸಲ.

ಹೇಳುತ್ತೇನೆ ಅಂತ ಬೆಳಿಗ್ಗೆ ನಿರ್ಧಾರ ಮಾಡಿದೆ. ಊಟದ ಹೊತ್ತಿಗೆ ಹೊರಡಲು ಏನೇನು ಬೇಕು ಅಂತ ಪಟ್ಟಿಯೂ ಮನಸ್ಸಿನಲ್ಲಿ ಆಯಿತು. ಈ ಸಲ ದಂಟು ಎಲ್ಲವೂ ಎರಡು ವರ್ಷ ಒಣಗಿದ್ದೇ ಇರಬೇಕು ಅಂದುಕೊಂಡೆ. ಅಲ್ಲಿಗೆ ಯೋಚನೆ ನಿಂತಿತು.

ಪ್ಯಾನೊಪ್ಸಿಯೋನ್ ತಿಂಗಳು, ಏರುಚಂದ್ರನ ನಾಲ್ಕನೇ ದಿನ

ಹಿರಿಯರೆಲ್ಲ ಬಂದಿದ್ದರು. ಎರಡನೇ ಹಡಗಿಗೆ ಹೆಸರು ಕೊಟ್ಟ ಹೆಂಗಸರು ಬಾಗಿಲ ಹೊರಗೆ ನಿಂತಿದ್ದರು. ಕುಂಬಾರನ ಹೆಂಡತಿ ಇಣುಕುತ್ತಿದ್ದಳು.

ಪಾಸಿಕ್ಲೆಸ್ ಕೇಳಿದ. ಒಲೆಯ ಮೇಲೆ ಕೈ ಚಾಚಿದೆ.

"ಅಲ್ಲಿ ಉರೀತಿರೋದು ನಾನು ಕೈಯಾರೆ ಕೊಟ್ಟ ಬೆಂಕಿ. ನಡುವೆ ಆರಿಲ್ಲ."

"ನಿಂಗೆ ಹೇಗೆ ಗೊತ್ತು?"

"ದಂಟು ಆರಿಸಿ ಕಟ್ಟಿದೋಳು ನಾನು. ನಾನು ಕಟ್ಟಿದ್ದು ಆರುತ್ತೆ ಅಂತ ಈ ಊರಲ್ಲಿ ಯಾರಾದ್ರೂ ಅಂದಿದಾರಾ?"

ಒಬ್ಬ ಹಿರಿಯ ಕೆಮ್ಮಿದ. ಪಾಸಿಕ್ಲೆಸ್ ಎದ್ದುಹೋದ. ಹೊರಗೆ ಹೆಂಗಸರು ಕೂಗಿಕೊಂಡರು, ಸಂತೋಷಕ್ಕೆ.

ಕೈ ಸ್ವಲ್ಪ ಸುಟ್ಟಿದೆ. ಹೆಚ್ಚು ಹೊತ್ತು ಹಿಡಿದಿದ್ದೆ ಅನ್ನಿಸುತ್ತದೆ. ಎಣ್ಣೆ ಹಚ್ಚಿದ್ದೇನೆ. ಹೊಸ ಹೆಂಗಸು ಒದ್ದೆ ಕಟ್ಟಿಗೆ ತಂದಿದ್ದಳು, ಬೈದೆ. ಇವತ್ತು ಬೈಗುಳ ಚೆನ್ನಾಗಿ ಬಂತು.

ಮೆಲಿನ್ನಳ ಮೇಲೆ ನನ್ನ ಸಿಟ್ಟು ಹೋಗಿಲ್ಲ. ಅವಳಿಗೆ ಅಲ್ಲಿ ಎಂಟರಷ್ಟು ಹೊಲದವರು ನಮಸ್ಕಾರ ಮಾಡುತ್ತಾರೆ.

ತೌರೆಯೋನ್ ತಿಂಗಳು, ಏರುಚಂದ್ರನ ಏಳನೇ ದಿನ

ಚಳಿಗಾಲವಿಡೀ ಬರೆಯಲಿಲ್ಲ. ಬರೆಯುವಂಥದ್ದು ಏನೂ ಆಗಲಿಲ್ಲ.

ಎರಡನೇ ಹಡಗು ಇವತ್ತು ಹೊರಟಿತು. ಹೆಂಗಸರು, ಮಕ್ಕಳು, ಬಿತ್ತನೆ ಕಾಳಿನ ಚೀಲ, ಹನ್ನೆರಡು ಆಡು. ಕುಂಬಾರನ ಹೆಂಡತಿ ಮಾವನ ಗಡಿಗೆಯೊಂದನ್ನು ಬಟ್ಟೆಯಲ್ಲಿ ಸುತ್ತಿ ಒಯ್ಯುತ್ತಿದ್ದಳು. ಅವಳ ಗಂಡನ ಗತಿ ಏನಾಗುತ್ತದೋ.

ಹೊಸ ಹೆಂಗಸನ್ನು ಒಲೆಯ ಹತ್ತಿರ ಕೂರಿಸಿ ನಾನು ದಡಕ್ಕೆ ಹೋಗಿದ್ದೆ. ಬಿತೋನ್ ಹಗ್ಗ ಸುತ್ತುತ್ತಿದ್ದ.

"ಏನಾದ್ರೂ ಹೇಳಬೇಕಾ ಅಕ್ಕೋರೆ ಅವಳಿಗೆ?"

"ಎರಡು ಮಾತಿದೆ. ಸಭೇಲಿ ನಾನು ಪ್ರಮಾಣ ಮಾಡಿದೆ ಅಂತ ಹೇಳು. ಇನ್ನೊಂದು, ಆರನೇ ಕಟ್ಟು ಹಸಿ ಇತ್ತು, ಕಟ್ಟುವಾಗಲೇ ನಂಗೆ ಗೊತ್ತಿತ್ತು ಅಂತ ಹೇಳು."

ಅವನು ಹಗ್ಗ ಕೆಳಗೆ ಹಾಕಿ ನನ್ನ ಮುಖ ನೋಡಿದ. ಆಮೇಲೆ ಅಂದ, "ಅಕ್ಕೋರೆ, ತಿಂಗಳ ದಾರಿ. ಈ ಹಡಗಲ್ಲಿ ಮೂವತ್ತು ಹೆಂಗಸರು, ಒಬ್ಬೊಬ್ಬರೂ ಹತ್ತು ಹತ್ತು ಮಾತು ಹೇಳಿಬಿಟ್ಟಿದಾರೆ. ನನ್ನ ತಲೇಲಿ ಜಾಗ ಇಲ್ಲ. ಒಂದು ಹೇಳಿ."

"ಹಾಗಾದ್ರೆ ಎರಡನೇದು."

ಎರಡು ಸಲ ನನ್ನ ಮುಂದೆಯೇ ಹೇಳಿ ಬಾಯಿಪಾಠ ಮಾಡಿಕೊಂಡ. ಮೊದಲ ಸಲ ಐದನೇ ಕಟ್ಟು ಅಂದ. ತಿದ್ದಿದೆ.